ಬೇಲಿ ಪಕ್ಕದ ಮೇಪಲ್

ಒಡೀಲ್ ಮರದ ಕಾಂಡಕ್ಕೆ ಬೈರಿಗೆಯೊತ್ತಿ ಮೂರನೇ ಸುತ್ತು ತಿರುಗಿಸುವಷ್ಟರಲ್ಲಿ ಗಂಡ ರೊಸೇರ್ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿಯುತ್ತ ಹಿತ್ತಿಲಿಗೆ ಓಡಿಬಂದ. “ಹುಚ್ಚು ಹಿಡಿದಿದ್ಯಾ ನಿನಗೆ? ಭಾರದ ಕೆಲಸ ಮಾಡ್ಬಾರ್ದು ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ರು!”

“ನೀನು ಮಾಡಲ್ಲ ಅಂದ್ಯಲ್ಲ. ಮಾರ್ಚ್ ಅರ್ಧ ಕಳೀತು. ನಿನ್ನ ಸಿಟ್ಟು ಇಳೀಲಿ ಅಂತ ಮರ ಕಾಯುತ್ತಾ?”

ಅವಳ ಹೃದಯದ ಚಿಕಿತ್ಸೆಗೆಂದೇ ಅವರು ಗುಡ್ಡದ ಮನೆ ಮಾರಿ, ಆಸ್ಪತ್ರೆ ಹತ್ತಿರವಿರಲೆಂದು ಕ್ವಿಬೆಕ್ ನಗರಕ್ಕೆ ಬಂದಿದ್ದರು. ಅಲ್ಲಿ ಅರವತ್ತು ಮೇಪಲ್ ಮರಗಳಿದ್ದವು; ಪ್ರತಿ ಮಾರ್ಚ್‌ನಲ್ಲಿ ಅವನ್ನು ಕೊರೆದು ಸಿಹಿ ರಸ ಇಳಿಸುತ್ತಿದ್ದರು. ಇಲ್ಲಿ ಬೇಲಿಯ ಪಕ್ಕ ಒಂದೇ ಒಂದು. ಆ ರಸವನ್ನು ಪಾಕವಾಗಿ ಕಾಯಿಸುವ ಕೊಪ್ಪರಿಗೆಯನ್ನು ರೊಸೇರ್ ಜೊತೆಗೆ ತಂದಿದ್ದರೂ ಅದರ ಕಟ್ಟು ಬಿಚ್ಚಿರಲಿಲ್ಲ. ಅವನ ಈ ಬೇಸರಕ್ಕೆ ತಾನೇ ಕಾರಣವೆಂಬುದು ಒಡೀಲ್‌ಳನ್ನು ಚಳಿಗಾಲವಿಡೀ ಚುಚ್ಚಿತ್ತು.

“ಕೊಡಿಲ್ಲಿ,” ಎಂದು ಅವನು ಬೈರಿಗೆ ಕಸಿದುಕೊಂಡ. ಎಸೆದೇಬಿಡುತ್ತಾನೆಂದುಕೊಂಡಳು. ಅವನು ತೂತಿಗೆ ಕಣ್ಣಿಟ್ಟು ಗೊಣಗಿದ: “ನಲವತ್ತು ವರ್ಷ ನೋಡಿದ್ದೀಯ, ಇನ್ನೂ ನೆಟ್ಟಗೆ ಕೊರೀತೀಯಲ್ಲ! ಸ್ವಲ್ಪ ಮೇಲಕ್ಕೆ ಓರೆಯಾಗಿ ಕೊರೀಬೇಕು. ಇಲ್ದಿದ್ರೆ ರಸ ಹೊರಗೆ ಹೇಗೆ ಇಳಿಯುತ್ತೆ?”

ತಾನೇ ಕೊರೆದ. ಬಿಳಿ ಹೊಟ್ಟು ಉದುರಿತು. ಆಮೇಲೆ ನಿಧಾನವಾಗಿ ಒಂದು ಹನಿ ಮೂಡಿತು. ಅದನ್ನು ಬೆರಳಿಂದ ನಾಲಿಗೆಗಿಟ್ಟು ಕಣ್ಣು ಮುಚ್ಚಿದ.

“ನಮ್ಮ ಮರದ್ದಷ್ಟು ಸಿಹಿ ಇಲ್ಲ.”

“ಇಲ್ವಾ?” ಒಡೀಲ್ ಕೇಳಿದಳು.

“ಇಲ್ಲ,” ಎಂದ ರೊಸೇರ್. ಕಣ್ಣು ತುಂಬಿತ್ತು. ಮುಂದಿನ ಹನಿ ನೆಲಕ್ಕೆ ಬೀಳದಂತೆ ಅಂಗೈ ಒಡ್ಡಿ ನಿಂತ. “ಹೋಗಿ ಬಕೆಟ್ ತಾ. ಓಡ್ಬೇಡ, ನಾನು ಹಿಡ್ಕೊಂಡಿರ್ತೀನಿ.”