ನೀರೋನ ನೆರಳು

ರೋಮ್‌ನಲ್ಲಿ ಈಗ ಪ್ರತಿಮೆಗಳ ನೆರಳು ಬೀಳುವುದು ಅವುಗಳ ಹೆಸರಿಗೆ ತಕ್ಕಷ್ಟೇ. ಒಳ್ಳೆಯ ಹೆಸರಿದ್ದವರ ಕಾಲಡಿ ತಂಪು, ಕೆಟ್ಟ ಹೆಸರಿದ್ದವರ ಕಾಲಡಿ ಸುಡುಬಿಸಿಲು. ಚೌಕದಲ್ಲಿ ಹೂ ಮಾರಲು ಎಲ್ಲರಿಗಿಂತ ಕೊನೆಗೆ ಬಂದ ಒರ್ತೆನ್ಸಿಯಾಳ ಪಾಲಿಗೆ ಉಳಿದದ್ದು ನೀರೋ ಚಕ್ರವರ್ತಿಯ ಪ್ರತಿಮೆ. ಊರು ಉರಿಯುವಾಗ ಪಿಟೀಲು ಬಾರಿಸುತ್ತ ಕೂತವನೆಂದು ಶತಮಾನಗಳಿಂದ ಶಾಪ ಹಾಕಿಸಿಕೊಂಡವನು. ಅವನ ಬುಡದಲ್ಲಿ ಅವಳ ಗುಲಾಬಿಗಳು ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತಿದ್ದವು.

ಇವತ್ತು ಮಾತ್ರ ಅವಳ ಮೊಣಕೈ ತಣ್ಣಗಾಯಿತು. ತಿರುಗಿ ನೋಡಿದರೆ ಕಲ್ಲುಹಾಸಿನ ಮೇಲೆ ತಿಳಿನೀಲಿ ನೆರಳೊಂದು ಚೆಲ್ಲಿದ ನೀರಿನಂತೆ ಮೆಲ್ಲಗೆ ಹಬ್ಬುತ್ತಿತ್ತು.

"ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ರು ಅಕ್ಕ," ಎಂದಳು ಪಕ್ಕದಲ್ಲಿ ಹೂ ಮಾರುವ ಬ್ರುನೆಲ್ಲಾ. "ಬೆಂಕಿ ಬಿದ್ದಾಗ ಅವನು ಊರಲ್ಲೇ ಇರ್ಲಿಲ್ವಂತೆ. ಓಡಿ ಬಂದು, ಮನೆ ಕಳ್ಕೊಂಡೋರಿಗೆ ತನ್ನ ತೋಟದ ಬಾಗಿಲು ತೆಗೆಸಿದ್ನಂತೆ. ಪಿಟೀಲಿನ ಕತೆಯೆಲ್ಲ ಸುಳ್ಳಂತೆ."

"ಅಯ್ಯೋ, ನಾನೂ ದಿನಾ ಬೈತಿದ್ದೆನಲ್ಲೇ!" ಒರ್ತೆನ್ಸಿಯಾ ಬುಟ್ಟಿಗಳನ್ನು ತಂಪಿಗೆ ಎಳೆದುಕೊಂಡಳು. ಗುಲಾಬಿಗಳು ಒಂದೊಂದಾಗಿ ಕತ್ತು ಎತ್ತಿದವು. ಆದರೆ ನೆರಳಿನ ಎದೆಯ ಜಾಗದಲ್ಲಿ ಅಂಗೈಯಗಲ ಬಿಸಿಲು ಹಾಗೇ ಉಳಿದಿತ್ತು.

"ಇದ್ಯಾಕೆ ಹೀಗೆ?"

"ಹೆತ್ತ ತಾಯೀನೇ ಕೊಲ್ಲಿಸಿದ್ನಲ್ಲ. ಅದು ಮಾತ್ರ ನಿಜವಂತೆ." ಬ್ರುನೆಲ್ಲಾ ತನ್ನ ಖಾಲಿ ಬುಟ್ಟಿಯನ್ನು ಮುಂದೆ ನೂಕಿದಳು. "ಇದನ್ನಿಟ್ಟು ಮುಚ್ಚಿಬಿಡಿ."

ಒರ್ತೆನ್ಸಿಯಾ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. "ಬೇಡ ಕಣೇ. ಆ ತಾಯಿಗೆ ಉಳಿದಿರೋದು ಅಷ್ಟೇ ಜಾಗ."

ಸಂಜೆಯಾದಂತೆ ನೆರಳು ಚೌಕದ ತುದಿಯವರೆಗೂ ಚಾಚಿಕೊಂಡಿತು. ಅದರೊಳಗಿನ ಬಿಸಿಲೂ ಜೊತೆಗೇ ಉದ್ದವಾಗುತ್ತ ಹೋಯಿತು.