ಒಂದೂಕಾಲು ಇಂಚು

"ಇದು ನಮ್ಮಪ್ಪ ಅಲ್ಲ," ಎಂದಳು ಟೈಲರಮ್ಮ, ಕಂಪ್ಯೂಟರ್ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ.

ಪ್ರಿಂಟಿಂಗ್ ಅಂಗಡಿಯವನಿಗೆ ರೇಗಿತು. ಮರೆವಿನ ಮುದುಕ ಮನೆಯಿಂದ ಕಾಣೆಯಾಗಿ ಮೂರು ದಿನವಾಯಿತೆಂದು, ಪಾಪ, ಇದ್ದಬದ್ದ ಕೆಲಸವನ್ನೆಲ್ಲ ಬದಿಗಿಟ್ಟು ಪೋಸ್ಟರಿಗೆ ಕೂತಿದ್ದ. ಅವಳು ತಂದ ಫೋಟೊವೋ, ನೆಂಟರಿಷ್ಟರ ಮೊಬೈಲುಗಳನ್ನೆಲ್ಲ ಸುತ್ತಿ, ಸುತ್ತಿದಷ್ಟೂ ಸವೆದು ಬಂದದ್ದು. ಮೂಲ ಫೋಟೊ ಇರುವ ಫೋನು ಅಪ್ಪನ ಜೇಬಿನಲ್ಲೇ ಹೋಗಿದೆ, ಸ್ವಿಚ್ ಆಫ್.

"ಅಲ್ಲಮ್ಮಾ, ದೊಡ್ಡದು ಮಾಡಿದ್ರೆ ಬರೀ ಚೌಕ ಚೌಕ ಕಾಣ್ತಿತ್ತು. ಅದಕ್ಕೇ ಕಂಪ್ಯೂಟರ್ ಕೈಲಿ ತಿದ್ದಿಸಿದೆ. ಈಗ ಎಷ್ಟು ಲಕ್ಷಣವಾಗಿದಾರೆ ನೋಡಿ!"

"ಲಕ್ಷಣ ಯಾರಿಗೆ ಬೇಕಣ್ಣಾ? ಎಡಹುಬ್ಬಿನ ಗಾಯ ಎಲ್ಲಿ ಹೋಯ್ತು? ಚಿಕ್ಕೋಳಿದ್ದಾಗ ನಾನೇ ಕತ್ತರಿ ಎಸೆದು ಮಾಡಿದ್ದದು. ಹೆಸರು ಕೇಳಿದ್ರೂ ಹೇಳಲ್ಲ ಅಪ್ಪ. ಗುರುತು ಅಂತ ಇರೋದು ಅದೊಂದೇ."

ಅಂಗಡಿಯವ ಮೆತ್ತಗಾದ. "ಮುಖದ ಅಗಲಕ್ಕೆ ಇರೋದೇ 375 ಪಿಕ್ಸೆಲ್. ಅಂದ್ರೆ ಅಷ್ಟೇ ಚುಕ್ಕೆ. ಎರಡಡಿಗೆ ಎಳೆದ್ರೆ ಎಲ್ಲಿ ಸಾಲುತ್ತೆ? ಖಾಲಿ ಬಿದ್ದ ಜಾಗನ ಕಂಪ್ಯೂಟರ್ ತನಗೆ ತೋಚಿದ ಹಾಗೆ ತುಂಬುತ್ತೆ."

"ಕರ್ಚೀಫಿನ ಬಟ್ಟೇಲಿ ಕೋಟು ಹೊಲಿ ಅಂದ ಹಾಗಾಯ್ತು, ಬಿಡಿ. ಗಾಯ ಕಾಣೋ ಹಾಗೆ ಎಷ್ಟು ಅಗಲ ಬರುತ್ತೆ?"

"ಇಂಚಿಗೆ ಮುನ್ನೂರು ಚುಕ್ಕೆ ಇದ್ರೆ ಚೊಕ್ಕವಾಗಿ ಬರುತ್ತೆ. ಅಲ್ಲಿಗೆ ಒಂದೂಕಾಲು ಇಂಚು. ಅಷ್ಟು ಚಿಕ್ಕ ಮುಖ ಯಾರಮ್ಮ ನೋಡ್ತಾರೆ?"

ಟೈಲರಮ್ಮ ಪರದೆಯಿಂದ ಮುಖ ಎತ್ತಿದಳು. "ನೋಡೋ ಹಾಗೆ ಮಾಡೋದು ನನಗೆ ಬಿಡಿ. ಬಿಳಿ ಹಾಳೆ, ನಡುವೆ ಅಪ್ಪ. ಕೆಳಗೆ ‘ಹತ್ತಿರ ಬಂದು ನೋಡಿ’ ಅಂತ ಹಾಕಿ, ನನ್ನ ನಂಬರ್ ಹಾಕಿ. ಅಕ್ಷರನ ಬೇಕಾದಷ್ಟು ಎಳೀಬಹುದು ತಾನೇ?"

"ಅಕ್ಷರಕ್ಕೇನಮ್ಮಾ, ಎಷ್ಟು ಎಳೆದ್ರೂ ಒಡೆಯಲ್ಲ."

ಬಸ್ ನಿಲ್ದಾಣದ ಗೋಡೆಯ ತುಂಬ ಆಳೆತ್ತರದ ಬ್ಯಾನರುಗಳು ಹಲ್ಲು ಕಿರಿಯುತ್ತಿದ್ದವು. ಅವುಗಳ ನಡುವೆ ಮೊದಲ ಹಾಳೆ ಅಂಟಿಸಿ, ಅಂಟಿನ ಡಬ್ಬಿ ಹಿಡಿದು ಅಲ್ಲೇ ನಿಂತಳು. ಒಂದಿಷ್ಟು ಜನ ದಾಟಿಹೋದರು. ಅವಳು ಜಪ್ಪಯ್ಯ ಅಂದರೂ ಕದಲಲಿಲ್ಲ.

ಬ್ಯಾನರುಗಳತ್ತ ಕಣ್ಣೆತ್ತಿಯೂ ನೋಡದೆ ಬರುತ್ತಿದ್ದ ಕಂಡಕ್ಟರೊಬ್ಬ ಬಿಳಿ ಹಾಳೆಯ ಮುಂದೆ ಗಕ್ಕನೆ ನಿಂತ. ಹತ್ತಿರ ಬಂದ. ಕನ್ನಡಕ ಮೇಲೇರಿಸಿ, ಬಗ್ಗಿ, ಆ ಒಂದೂಕಾಲು ಇಂಚನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಡಹುಬ್ಬನ್ನು ಬೆರಳಿನಿಂದ ಮೆಲ್ಲನೆ ಸವರಿಕೊಳ್ಳುತ್ತ ಅವಳ ಕಡೆ ತಿರುಗಿದ.