ಹಿಟ್ಟಿನೊಳಗಿನ ಸರ

ರಾಗಿಹಿಟ್ಟಿನ ಡಬ್ಬಿ ತೆರೆದರೆ ಈಗಲೂ ನನಗೆ ರಾಮನಗರದ ಹತ್ತಿರದ ಆ ರೆಸಾರ್ಟಿನ ಕೋಣೆ ನೆನಪಾಗುತ್ತದೆ.

ಅತ್ತೆ ತನ್ನ ಮಕ್ಕಳ ಜೊತೆ ಅಜ್ಜಿಯನ್ನೂ ನನ್ನನ್ನೂ ಕರೆದೊಯ್ದಿದ್ದಳು. ತೀರಿಹೋದ ನನ್ನ ಅಮ್ಮನ ಸರವನ್ನು ಕುದೂರಿನ ಮನೆಯಲ್ಲಿ ಬಿಟ್ಟುಬರಲು ಅಜ್ಜಿಗೆ ಧೈರ್ಯವಾಗಿರಲಿಲ್ಲ. ನಂಬರು ಒತ್ತಿ ಮುಚ್ಚುವ ಕೋಣೆಯ ಲಾಕರನ್ನೂ ಅವಳು ನಂಬಲಿಲ್ಲ.

"ಬೀಗದ್ ಕೈ ಇಲ್ದಿದ್ಮೇಲೆ ಅದ್ಯಾವ ಬೀಗ" ಎನ್ನುತ್ತ, ಗಂಜಿಗೆಂದು ತಂದಿದ್ದ ರಾಗಿಹಿಟ್ಟಿನ ಡಬ್ಬಿಯೊಳಗೆ ಸರ ಹುದುಗಿಸಿದಳು. ಅತ್ತೆಯ ಬಲವಂತಕ್ಕೆ ಹೊರಗೆ ಸುತ್ತಾಡಲು ಹೊರಟಾಗ, "ಒಸಿ ನೋಡ್ಕೊಂಡಿರು ಮಗ, ಬತ್ತೀನಿ" ಎಂದಳು.

ಕಿಟಕಿಯಾಚೆ ಈಜುಕೊಳದಿಂದ ಅತ್ತೆಯ ಮಕ್ಕಳು, "ಅಮ್ಮಾ, ಇಲ್ನೋಡು" ಎಂದು ಕೂಗುತ್ತಲೇ ಇದ್ದರು.

ಸಂಜೆ ಅಜ್ಜಿ ಬಂದಾಗ ನನ್ನ ಕೈ ಮೊಣಕೈವರೆಗೂ ಹಿಟ್ಟಾಗಿತ್ತು.

"ಸರ ಆಚೆ ತಗದ್ಯಾ?"

"ಇಲ್ಲಜ್ಜಿ. ಒಳಗೇ ಹಿಡ್ಕೊಂಡಿದ್ದೆ."

ಅಜ್ಜಿ ಸೆರಗು ಒದ್ದೆ ಮಾಡಿ ಒರೆಸತೊಡಗಿದಳು. ಬೆರಳ ಸಂದಿಯ ಹಿಟ್ಟೆಲ್ಲ ಹೋದಮೇಲೂ ಒರೆಸುತ್ತಲೇ ಇದ್ದಳು.